ಮೂಡಲಗಿಯ ಗಿರಾಕಿ

ಮೂಡಲಗಿಯ ಆ ಓಣಿಯಲ್ಲಿ ಎಷ್ಟು ಬಾಗಿಲು ಬಡಿದರೂ ದಾನೇಶ್ವರಿ ಎಂಬ ಹೆಂಗಸು ಸಿಗಲಿಲ್ಲ.

"ಆ ಹೆಸರಿನಾಕಿ ಈ ಓಣ್ಯಾಗ ಯಾವತ್ತೂ ಇದ್ದಿಲ್ಲವ್ವಾ," ಎಂದಳು ಜೋಳ ಹಸನು ಮಾಡುತ್ತಿದ್ದ ಮುದುಕಿ. ಉರಿಬಿಸಿಲಲ್ಲಿ ಕುರ್ತಾದ ಪೊಟ್ಟಣ ಹಿಡಿದು ನಿಂತಿದ್ದ ಶ್ರದ್ಧಾ ಅದರ ಮೇಲಿನ ವಿಳಾಸವನ್ನು ಇನ್ನೊಮ್ಮೆ ಓದಿದಳು.

ಎರಡು ವರ್ಷದ ಹಿಂದೆ, 2007ರಲ್ಲಿ, ಹುಕ್ಕೇರಿಯ ಈ ಹುಡುಗಿ ಗೋಕಾಕದ ಒಂದೇ ಕೋಣೆಯಲ್ಲಿ ಕುಬಸದ ಖಣದಿಂದ ಕುರ್ತಾ ಹೊಲಿಸಿ ಇಂಟರ್‌ನೆಟ್‌ನಲ್ಲಿ ಮಾರತೊಡಗಿದಾಗ ಪುಣೆ, ಮುಂಬಯಿಯಿಂದ ಆರ್ಡರ್‌ಗಳು ಸುರಿದವು. ಪೇಪರಿನಲ್ಲಿ ಫೋಟೋ ಕೂಡ ಬಂತು. ಆಮೇಲೆ ಯಾವುದೋ ದೊಡ್ಡ ಕಂಪನಿ ಅಂಥದೇ ಕುರ್ತಾವನ್ನು ಅರ್ಧ ಬೆಲೆಗೆ ತಂದದ್ದೇ ತಡ, ಗಿರಾಕಿಗಳೆಲ್ಲ ಮಾಯ. ಉಳಿದವಳು ದಾನೇಶ್ವರಿ ಒಬ್ಬಳೇ. ತಿಂಗಳಿಗೊಂದು ಕುರ್ತಾ, ಜೊತೆಗೊಂದು ಈಮೇಲ್: "ಅಕ್ಕಾ, ನಿಲ್ಲಿಸಬ್ಯಾಡ್ರಿ." ಆ ಒಂದು ಮಾತಿಗಾಗಿ ಶ್ರದ್ಧಾ ಪುಣೆಯಲ್ಲಿ ಸಿಕ್ಕ ನೌಕರಿ ಬೇಡವೆಂದಳು, ಮತ್ತೊಂದು ವರ್ಷ ಹೆಣಗಿದಳು, ಸೋತಳು. ಕೊನೆಯ ಕುರ್ತಾವನ್ನಾದರೂ ಅವಳ ಕೈಗೇ ಕೊಡೋಣವೆಂದು ಬಂದಿದ್ದಳು.

ಗೋಕಾಕಕ್ಕೆ ಮರಳಿದವಳೇ ಕುರಿಯರ್ ಆಫೀಸಿಗೆ ನಡೆದಳು. ಮೂಡಲಗಿಯ ಪಾರ್ಸಲ್‌ಗಳೆಲ್ಲ ಹೋಗುತ್ತಿದ್ದುದು ಕೌಂಟರಿನ ಸೋಮಶೇಖರನ ಕೈಯಿಂದಲೇ. ಪಾರ್ಸಲ್ ತೂಗುವ ನೆವದಲ್ಲಿ ಇವಳನ್ನೇ ನೋಡುತ್ತ ಕೂರುವ ಆಸಾಮಿ ಅವನು.

"ಏನ್ರಿ ಮೇಡಮ್, ಸಣ್ಣ ಮಾರಿ ಯಾಕ ಮಾಡೀರಿ?"

"ದಾನೇಶ್ವರಿ ಪಾರ್ಸಲ್ ಯಾರು ಇಸ್ಕೊತಿದ್ರು?"

ಅವನ ನಗು ಆರಿತು. ರಜಿಸ್ಟರ್ ತೆಗೆಯಲು ಎದ್ದು, ಬೆನ್ನು ತಿರುಗಿಸಿ, ಮೇಲಿನ ಹಲಗೆಗೆ ಕೈ ಚಾಚಿದ. ಶ್ರದ್ಧಾಳ ಕಣ್ಣು ತಾನಾಗಿಯೇ ಅಳೆಯಿತು. ಭುಜ ಹದಿನೆಂಟು, ತೋಳು ಇಪ್ಪತ್ನಾಲ್ಕು. "ಇಕಿ ಹೆಣ್ಣೋ ಪೈಲವಾನೋ?" ಎಂದು ಹೊಲಿಯುವ ಸಾತವ್ವ ನಗುತ್ತಿದ್ದುದು ದಾನೇಶ್ವರಿಯ ಇದೇ ಅಳತೆ ನೋಡಿ.

"ನಿಮ್ಮ ಅಳತೀನ ಬರದು ಕಳಿಸ್ತಿದ್ರಿ!"

"ಹೆಣ್ಣಮಕ್ಕಳ ಅಳತಿ ನನಗೇನ್ ಗೊತ್ರಿ?" ಅವನು ತಿರುಗಲಿಲ್ಲ.

"ಮ್ಯಾಲ ಅಕ್ಕಾ ಅಂತ ಬ್ಯಾರೆ!"

"ಮತ್ತೇನ್ ಬರೀಲ್ರಿ? ಅಂಗಡಿ ಮುಚ್ಚಿದ್ರ ನೀವು ಇಲ್ಲಿಗೆ ಬರೂದು ನಿಲ್ಲತೈತಿ ಅಂತ ಹೆದರಿದ್ನಿ. ನಿಮ್ಮ ಮ್ಯಾಲ ಜೀವಾ ಇಟ್ಟೇನ್ರಿ. ಖರೆ, ತಪ್ಪು ಮಾಡೀನಿ."

"ನನ್ನ ಒಂದು ವರ್ಷ ತಿಂದ್ರಿ ನೀವು."

ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚು ದುಃಖವಾಗಿತ್ತು. ಬಟ್ಟೆ ಕತ್ತರಿಸುವಾಗೆಲ್ಲ ಮನಸ್ಸಿನಲ್ಲೇ ದಾನೇಶ್ವರಿಯ ಜೊತೆ ಮಾತಾಡಿದ್ದಳು, ಅವಳಿಗೊಂದು ಮುಖ ಕೂಡ ಕೊಟ್ಟಿದ್ದಳು. ಈಗಲೂ ಅವಳು ಮಗ್ಗುಲಲ್ಲೇ ನಿಂತಂತಿತ್ತು.

"ಶ್ರದ್ಧಾ, ಏನಾರ ಅನ್ರಿ."

"ಸುಮ್ನಿರ್ರಿ. ಆಕಿ ಬಿಟ್ರ ನನಗ ಯಾರೂ ಇದ್ದಿಲ್ಲ. ಮೊದಲ ಆಕಿ ಸಲುವಾಗಿ ಅಳಾಕ ಬಿಡ್ರಿ. ನಿಮ್ಮ ಮಾತು ಆಮ್ಯಾಲ ಕೇಳ್ತೇನಿ."

ಸೋಮಶೇಖರ ಕೌಂಟರ್ ದಾಟಿ ಬಂದು, ಯಾರೂ ಒಳಗೆ ಬರದಂತೆ ಬಾಗಿಲಲ್ಲಿ ರಸ್ತೆಗೆ ಮುಖ ಮಾಡಿ ನಿಂತ. ಅವಳು ಅತ್ತು ಮುಗಿಸುವ ತನಕ ಹಿಂದಿರುಗಿ ನೋಡಲಿಲ್ಲ.