ಸಾವಂತ್ರಿಯ ದೋಣಿಗೆ ಎಳೆಗಾಳ

"ಏಯ್! ಯಾರಲೇ ಅಂವ? ನನ್ನ ದೋಣಿಗೆ ತೂತ ಹೊಡ್ಯಾಕತ್ತಾನ!"

ಸಾವಂತ್ರಿಯ ಕೂಗಿಗೆ ಮಮದಾಪುರ ದೊಡ್ಡಕೆರೆಯ ದಂಡೆಯ ಮೇಲಿದ್ದ ಕೊಕ್ಕರೆಗಳೆಲ್ಲ ಒಂದೇ ಸಲಕ್ಕೆ ಹಾರಿಹೋದವು.

ಕೈಯಲ್ಲಿದ್ದ ರೊಟ್ಟಿಯ ಗಂಟನ್ನು ಹುಲ್ಲಿನ ಮೇಲೆ ಎಸೆದು ಅವಳು ಇಳಿಜಾರಿನಲ್ಲಿ ಓಡಿದಳು. ದೋಣಿಯಲ್ಲಿ ಯಾರೋ ಅಪರಿಚಿತ ಯುವಕ! ಅಂಗಿಯ ತೋಳು ಮಡಚಿಕೊಂಡು, ಬೈರಿಗೆ ಹಿಡಿದು, ಅಂಚಿನ ಹಲಗೆಯನ್ನು ಕೊರೆಯುತ್ತಿದ್ದಾನೆ. ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಷ್ಟು ನಿರಾಳವಾಗಿ!

ಸಾವಂತ್ರಿ ಹುಟ್ಟು ಎತ್ತಿ ಅವನ ಎದೆಗೆ ಹಿಡಿದಳು.

ಅವನು ಎರಡೂ ಕೈ ಮೇಲೆತ್ತಿದ. "ಸ್ವಲ್ಪ ತಡೀರಿ... ತೂತ ತಳಕ್ಕಲ್ಲ, ಅಂಚಿಗಷ್ಟ."

"ತಳ ಆದ್ರೂ ನಂದ, ಅಂಚ ಆದ್ರೂ ನಂದ! ಇಳಿ ಕೆಳಗ!"

ಅವನು ಇಳಿಯುವ ಬದಲು ನಕ್ಕುಬಿಟ್ಟ. ಆ ನಗುವೇ ಅವಳ ಸಿಟ್ಟಿಗೆ ತುಪ್ಪ ಸುರಿಯಿತು. ದೋಣಿಯಲ್ಲಿದ್ದ ಅವನ ತಗಡಿನ ಡಬ್ಬಿ ಎತ್ತಿ ನೀರಿಗೆ ಬೀಸಿಯೇಬಿಟ್ಟಳು. ಮುಚ್ಚಳ ಕಳಚಿ, ಮೊಣಕಾಲುದ್ದ ನೀರಿನಲ್ಲಿ ಗಾಳದ ಕೊಕ್ಕೆಗಳೆಲ್ಲ ಚೆಲ್ಲಾಪಿಲ್ಲಿಯಾದವು.

ಅವನು ಬೈಯಲಿಲ್ಲ. ಸುಮ್ಮನೆ ಇಳಿದು, ಬಗ್ಗಿ, ಕೆಸರಿನಲ್ಲಿ ಒಂದೊಂದನ್ನೇ ಹುಡುಕತೊಡಗಿದ. ಒಂದು ಕೊಕ್ಕೆ ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂತು. ಅದನ್ನು ನೀರಿನಲ್ಲಿ ಅದ್ದಿ ಮತ್ತೆ ಹುಡುಕಿದ.

ಸಾವಂತ್ರಿ ಹುಟ್ಟು ಹಿಡಿದೇ ನೋಡುತ್ತ ನಿಂತಳು. 'ಬೈದಿದ್ರ ಛಲೋ ಇತ್ತು... ಈ ಮನಶ್ಯಾ ಬೈಯೂದಿಲ್ಲಲ್ಲ!'

ಅಷ್ಟರಲ್ಲಿ ದಂಡೆಯ ಮೇಲಿಂದ ಅಪ್ಪ ಮಲಕಾಜಪ್ಪ ಕೂಗುತ್ತ ಬಂದ. "ಸಾವಂತ್ರೀ! ನಾನ ಬಾ ಅಂದೀನಿ ಅವಗ! ನಿನಗ ಹೇಳೂದ ಮರತೆ ನೋಡವ್ವ..."

ಅವಳು ಹುಟ್ಟು ಕೆಳಗಿಳಿಸಿದಳು. ಸೀರೆ ತೊಯ್ಯುವುದನ್ನೂ ಲೆಕ್ಕಿಸದೆ ನೀರಿಗಿಳಿದು, ಅವನ ಪಕ್ಕದಲ್ಲೇ ಬಗ್ಗಿ ಕೊಕ್ಕೆ ಹುಡುಕತೊಡಗಿದಳು.

ಅವನ ಹೆಸರು ಅಮೋಘಿ. ಕಾಖಂಡಕಿಯ ಕುರಿ ಸಾಕುವ ಮನೆಯವನು. ಕಂಬಳಿ ಮಾರುವವರ ಜೊತೆ ಕಾರವಾರಕ್ಕೆ ಹೋದವನು, ಅಲ್ಲಿಯ ಮೀನು ಹಿಡಿಯುವ ದೋಣಿಯೊಂದರಲ್ಲಿ ಎರಡು ವರ್ಷ ಕೆಲಸ ಮಾಡಿ ಮೊನ್ನೆಯಷ್ಟೇ ಊರಿಗೆ ಬಂದಿದ್ದ.

ಮಲಕಾಜಪ್ಪನ ಮನೆತನವೂ ಒಂದು ಕಾಲಕ್ಕೆ ಕುರಿ ಕಾಯ್ದದ್ದೇ. ರೋಗ ಬಂದು ಹಿಂಡು ಹೋದ ಮೇಲೆ ಅವನ ತಂದೆ ಈ ದೋಣಿ ಕಟ್ಟಿಸಿದ್ದ. ಕೆರೆಯ ಆಚೆ ದಂಡೆಗೆ ಜನರನ್ನು ದಾಟಿಸುವುದು, ಬಲೆ ಬೀಸಿ ಮೀನು ಹಿಡಿಯುವುದು... ಅದೇ ಅವರ ಬದುಕು. ಆದರೆ ಆ ವರ್ಷದ, ಅಂದರೆ ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ಒಡ್ಡಿನಿಂದ ಬಿದ್ದು ಮಲಕಾಜಪ್ಪನ ಬಲಭುಜ ಮುರಿದಿತ್ತು. ಬಲೆ ಗೋಡೆಯ ಮೇಲೆ ಒಣಗುತ್ತ ನೇತಾಡುತ್ತಿತ್ತು.

ತಾಯಿಯಿಲ್ಲದ ಹತ್ತೊಂಬತ್ತರ ಸಾವಂತ್ರಿ ದೋಣಿ ನಡೆಸುತ್ತಿದ್ದಳು. ಹುಟ್ಟು ಹಾಕುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಆದರೆ ಆ ಭಾರದ ಬಲೆ ಬೀಸುವುದು ಅವಳೊಬ್ಬಳಿಂದ ಆಗುತ್ತಿರಲಿಲ್ಲ.

"ಬಲಿ ಬ್ಯಾಡ್ರಿ," ಎಂದ ಅಮೋಘಿ, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತ. "ಇದಕ್ಕ ಎಳೆಗಾಳ ಅಂತಾರ. ದೋಣಿಯ ಎರಡೂ ಬಾಜೂಕ ಒಂದೊಂದ ಬಿದಿರು. ಬಿದಿರಿನ ತುದಿಯಿಂದ ಉದ್ದನ್ನ ಹುರಿ. ಹುರಿ ತುದಿಗೆ ಹಿತ್ತಾಳಿ ತುಣುಕು, ಅದರ ಕೆಳಗ ಕೊಕ್ಕಿ. ದೋಣಿ ನಡದಂಗ ಹಿತ್ತಾಳಿ ನೀರಾಗ ಹೊಳಕೋತ ಬರ್ತದ. ದೊಡ್ಡ ಮೀನ ಅದನ್ನ ಸಣ್ಣ ಮೀನ ಅಂತ ತಿಳದು ಬೆನ್ನ ಹತ್ತತಾವ."

"ದೋಣಿ ನಿಂತರ?" ಸಾವಂತ್ರಿ ಕೇಳಿದಳು.

"ಹಿತ್ತಾಳಿ ತಳಕ್ಕ ಇಳದು ಜಾಲಿಬೇರಿಗೆ ಸಿಗತದ."

"ಜೋರಾಗಿ ಹೋದರ?"

"ಮೀನಿಗೆ ಸಿಗೂದಿಲ್ಲ. ಒಂದ ಸಮ ನಡೀಬೇಕು. ಕಾರವಾರದಾಗ ನಾಕು ಮಂದಿ ಹುಟ್ಟ ಹಾಕಿದ್ರೂ ಒಂದ ಸಮ ಬರತಿದ್ದಿಲ್ಲ."

ಸಾವಂತ್ರಿ ತುಟಿ ಕೊಂಕಿಸಿದಳು. "ನಾನೊಬ್ಬಾಕಿ ಸಾಕು."

ಮರುದಿನದಿಂದ ಕೆಲಸ ಶುರುವಾಯಿತು. ಅಂಚಿನ ತೂತುಗಳಲ್ಲಿ ಬಿದಿರು ನಿಂತವು, ಎರಡೂ ಕಡೆ ಕೊಂಚ ಹೊರಕ್ಕೆ ಬಾಗಿ. ಒಡೆದ ಹಿತ್ತಾಳೆ ತಟ್ಟೆಯೊಂದನ್ನು ಅಮೋಘಿ ಬಡಿದು ಬಡಿದು ಬೇವಿನೆಲೆಯ ಆಕಾರಕ್ಕೆ ತಂದ. ಸೀಸದ ಗುಂಡು ಕಟ್ಟಿದ. ಒಂದು ಹುರಿ ಉದ್ದ, ಇನ್ನೊಂದು ಗಿಡ್ಡ.

"ಯಾಕ ಹಂಗ?"

"ತಿರುಗೂ ಮುಂದ ಒಂದಕ್ಕೊಂದು ತೊಡಕಬಾರದಲ್ಲ."

ಆದರೂ ಮೂರು ದಿನ ಬರೀ ತೊಡಕೇ! ಹಿತ್ತಾಳೆ ನೀರಿನಲ್ಲಿ ಗಿರಗಿರ ಸುತ್ತುತ್ತಿತ್ತು, ಅದರ ಜೊತೆ ಹುರಿಯೂ ಮುರಿಗೆ ಬಿದ್ದು ಹಾವಿನ ಸುರುಳಿಯಂತಾಗುತ್ತಿತ್ತು. ಕಾರವಾರದಲ್ಲಿ ಅದಕ್ಕೊಂದು ಸಣ್ಣ ಕಬ್ಬಿಣದ ಕೊಂಡಿ ಇರುತ್ತಿತ್ತಂತೆ. ಇಲ್ಲಿ ಎಲ್ಲಿಂದ ತರುವುದು?

ಅಮೋಘಿ ತಲೆಗೆ ಕೈ ಹಚ್ಚಿ ದಂಡೆಯಲ್ಲಿ ಕುಳಿತ.

ಸಾವಂತ್ರಿ ಅವನನ್ನು ನೋಡಿದಳು. ಅವನಾಚೆ ಗೂಟಕ್ಕೆ ಕಟ್ಟಿದ್ದ ತಮ್ಮ ಆಡನ್ನು ನೋಡಿದಳು. ಆಡು ಗೂಟದ ಸುತ್ತ ಮೇಯುತ್ತಿತ್ತು, ಆದರೆ ಹಗ್ಗ ಮಾತ್ರ ಮುರಿಗೆ ಬೀಳುತ್ತಿರಲಿಲ್ಲ...

"ಅಯ್ಯ! ಕುರಿ ಮಂದಿ ಅಂತಾರ ನಿನಗ! ಆಡಿನ ಹಗ್ಗದಾಗ ಏನಿರತದ?"

"ತಿರುಗಣಿ..." ಎಂದವನು ಧಡಕ್ಕನೆ ಎದ್ದು ನಿಂತ. "ತಿರುಗಣಿ! ಸಾವಂತ್ರೀ!"

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳ ಕಿವಿ ಬಿಸಿಯಾಯಿತು.

ವಿಜಾಪುರದ ಕಮ್ಮಾರ ಮೌಲಾಸಾಬ ತನ್ನಷ್ಟಕ್ಕೇ ತಿರುಗುವ ಆ ಕೊಂಡಿಯನ್ನೇ ಕಡಲೆಕಾಳಿನಷ್ಟು ಸಣ್ಣದಾಗಿ ಮಾಡಿಕೊಟ್ಟ. "ಯಾವ ಇರವಿ ಕಟ್ಟಾಕ ಇದು?" ಎಂದು ನಕ್ಕನಂತೆ.

ತಿರುಗಣಿ ಕಟ್ಟಿದ ಮರುದಿನ, ಬೆಳಗಿನ ಎಳೆಬಿಸಿಲಿನಲ್ಲಿ, ಬಲಗಡೆಯ ಬಿದಿರು ಒಮ್ಮೆಲೇ ಬಾಗಿತು.

"ಬಂತ! ಬಂತ! ನಿಲ್ಲಸಬ್ಯಾಡ, ಹಂಗ ನಡಿ!"

ಮೊಳದುದ್ದದ ಬಾಳೆಮೀನು! ದೋಣಿಯ ತಳದಲ್ಲಿ ಬಿದ್ದು ಬೆಳ್ಳಿಯಂತೆ ಹೊಳೆಯಿತು. ಇಬ್ಬರೂ ಸಣ್ಣ ಮಕ್ಕಳಂತೆ ಕೂಗಿದರು. ನಗುವ ಭರದಲ್ಲಿ ಅವನು ಅವಳ ಕೈ ಹಿಡಿದ. ಹಿಡಿದದ್ದು ಅರಿವಾಗಿ ಬಿಟ್ಟ.

ಬಿಡಬಾರದಿತ್ತು ಅಂತ ಅವಳಿಗೆ ಅನ್ನಿಸಿತು... ಛೇ! ಇದೇನು ಯೋಚನೆ!

ಆಮೇಲಿನ ದಿನಗಳು ಹೇಗೆ ಹೋದವೋ! ಮೀನು ಒಯ್ದು ಬಬಲೇಶ್ವರದಲ್ಲಿ ಮಾರುತ್ತಿದ್ದ ರಹಿಮಾಬಿಯೇ ಕಣ್ಣು ಮಿಟುಕಿಸಿ ಕೇಳಿದಳು. "ಏನ ಸಾವಂತ್ರೀ, ಮೀನ ಹಿಡಿಯಾಕ ಹೋಗೂ ಹುಡುಗಿ ದಿನಾ ಹೂವು ಮುಡೀತಾಳೇನ?"

"ಹೋಗ ಯಕ್ಕಾ... ಹೂ ಬಾಡತಾವಂತ ಮುಡೀತೀನಿ!"

ಆದರೆ ಸಂತೆಯ ದಿನ ಸಂಜೆ ಎಲ್ಲವೂ ತಿರುವುಮುರುವಾಯಿತು.

ಅಂಗಳದಲ್ಲಿ ಮೂವರು ಹಿರಿಯರು ಬಂದು ಕುಳಿತಿದ್ದರು. ಟಿಕೋಟಾದಿಂದ ಬಂದ ಯಲಗೂರಪ್ಪ ಮತ್ತು ಅವನ ಅಣ್ಣತಮ್ಮಂದಿರು. ಯಲಗೂರಪ್ಪನ ಮಗನಿಗೆ ಹೆಣ್ಣು ನೋಡಲು! ಅವರ ಹಿಂದೆ ಬಾಗಿಲ ಬಳಿ ನಿಂತಿದ್ದವನು... ಅಮೋಘಿ.

"ಈ ಹುಡುಗನ ನಮ್ಮನ್ನ ಕರಕೊಂಡ ಬಂದ ನೋಡ್ರಿ," ಎಂದ ಯಲಗೂರಪ್ಪ, ಮೀಸೆ ತಿರುವುತ್ತ. "ಇಲ್ಲಾಂದ್ರ ನಿಮ್ಮ ಮನಿ ಸಿಗತಿದ್ದಿಲ್ಲ."

ಒಳಗೆ ಚಹಾ ಸೋಸುತ್ತಿದ್ದ ಸಾವಂತ್ರಿ ಅಂಗಳದ ಮಾತಿಗೆ ಕಿವಿಗೊಟ್ಟಳು.

ಅಪ್ಪನ ಧ್ವನಿ ಕೇಳಿಸಿತು. "ಅಮೋಘಿ, ಹುಡುಗಿ ಗಂಡನ ಮನಿಗೆ ಹೋದ ಮ್ಯಾಲ ದೋಣಿ ನೀನ ಇಟ್ಕೋಪ್ಪ. ನಿನ್ನಂಥಾವನ ಕೈಯಾಗ ಇದ್ರ ನನಗ ಸಮಾಧಾನ."

ಅಮೋಘಿ ಏನನ್ನಾದರೂ ಹೇಳಲಿ ಎಂದು ಅವಳು ಉಸಿರು ಹಿಡಿದು ಕಾದಳು.

ಅವನು ಒಂದು ಮಾತೂ ಆಡಲಿಲ್ಲ.

'ಓಹೋ... ಹಂಗಾರ ಇದು ದೋಣಿ ಸಲುವಾಗಿ! ನನ್ನನ್ನ ಟಿಕೋಟಾಕ್ಕ ಸಾಗಿಸಿ ದೋಣಿ ಹೊಡ್ಕೊಳ್ಳೋ ಹಂಚಿಕಿ! ನಾನೆಂಥಾ ಹುಚ್ಚಿ...'

ಬೀಗರು ಆ ರಾತ್ರಿ ಅಲ್ಲೇ ಉಳಿದರು. ಮುಂಜಾನೆ ಅಮೋಘಿ ಎಂದಿನಂತೆ ದಂಡೆಗೆ ಬಂದಾಗ ಸಾವಂತ್ರಿ ಕಾಯುತ್ತಲೇ ನಿಂತಿದ್ದಳು. ಕಣ್ಣು ಕೆಂಪಗಾಗಿದ್ದವು.

"ಸಾವಂತ್ರೀ, ನಾ ನಿನ್ನ ಕೂಡ ಸ್ವಲ್ಪ..."

"ಏನೂ ಹೇಳಬ್ಯಾಡ!" ಎರಡೂ ಹುಟ್ಟುಗಳನ್ನು ಅವನ ಕಾಲ ಬಳಿ ಎಸೆದಳು. "ನಿನ್ನ ದೋಣಿ ನೀನ ನಡಿಸ್ಕೊ!"

ಅವನ ಮುಖ ಸಪ್ಪಗಾಯಿತು. ಆಮೇಲೆ ಹಟಕ್ಕೆ ಬಿದ್ದವನಂತೆ ಹುಟ್ಟು ಎತ್ತಿಕೊಂಡು ಒಬ್ಬನೇ ದೋಣಿ ನೂಕಿದ.

ಆದರೆ ದೋಣಿ ಮುಂದೆ ಹೋಗಬೇಕಲ್ಲ! ಎಡಗೈ ಹೆಚ್ಚು ಎಳೆದರೆ ಬಲಕ್ಕೆ, ಬಲಗೈ ಎಳೆದರೆ ಎಡಕ್ಕೆ... ಗಾಣದ ಎತ್ತಿನಂತೆ ಸುತ್ತತೊಡಗಿತು. ಹಲ್ಲುಜ್ಜಲು ಬಂದಿದ್ದ ಬೀಗರು ನಕ್ಕರು. ರಹಿಮಾಬಿ ನಕ್ಕಳು. ಅಳುತ್ತಿದ್ದ ಸಾವಂತ್ರಿಗೂ ನಗು ತಡೆಯಲಾಗಲಿಲ್ಲ.

ಹೇಗೋ ಆಳದ ನೀರಿಗೆ ಮುಟ್ಟಿ ಅವನು ಎರಡೂ ಗಾಳ ಇಳಿಬಿಟ್ಟ.

ಅಷ್ಟೇ... ಎಡಬಿದಿರು ಬಿಲ್ಲಿನಂತೆ ಬಾಗಿತು! ಹಿಂದೆಂದೂ ಹಾಗೆ ಬಾಗಿರಲಿಲ್ಲ. ಅಮೋಘಿ ಎದ್ದು ಹುರಿ ಹಿಡಿದ. ದೋಣಿ ಒಂದು ಕಡೆ ವಾಲಿತು. ಒಂದು ಹುಟ್ಟು ಜಾರಿ ನೀರಿಗೆ ಬಿದ್ದು ತೇಲುತ್ತ ಹೋಯಿತು.

"ಜಿಗಿ! ಈಜಿ ಹೋಗಿ ಹುಟ್ಟ ಹಿಡಿ!" ಸಾವಂತ್ರಿ ಕಿರುಚಿದಳು.

"ನನಗ ಈಜು ಬರಂಗಿಲ್ಲ!"

ಏನಂದ? ಎರಡು ವರ್ಷ ಸಮುದ್ರದ ಮೇಲಿದ್ದವನಿಗೆ ಈಜು ಬರುವುದಿಲ್ಲವೇ?

ಸಿಟ್ಟು, ಹಟ ಎಲ್ಲ ಎಲ್ಲಿ ಹೋದವೋ! ಸೀರೆಯ ಕಚ್ಚೆ ಬಿಗಿದು ಸಾವಂತ್ರಿ ನೀರಿಗೆ ಧುಮುಕಿದಳು. ಹತ್ತಿಪ್ಪತ್ತು ಮಾರು ಸೀಳಿಕೊಂಡು ಹೋಗಿ, ತೇಲುವ ಹುಟ್ಟು ಹಿಡಿದು, ದೋಣಿಯ ಹಿಂಬದಿಯಿಂದ ಮೇಲೆ ಹತ್ತಿದಳು.

"ಕುಂದರು! ನಿಂತರ ಮುಳಗತೀವಿ!"

ಅವನು ಕುಳಿತ. ಅವಳು ಹುಟ್ಟು ಹಾಕಿದಳು. ದೋಣಿ ಒಂದೇ ಏಟಿಗೆ ನೆಟ್ಟಗಾಯಿತು.

"ದೋಣಿ ಸಲುವಾಗಿ ಆ ಮಂದೀನ ಕರಕೊಂಡ ಬಂದಿ ಅಲ್ಲ?" ಏದುಸಿರಿನಲ್ಲೇ ಕೇಳಿದಳು.

"ಯಾರನ್ನ? ಬಸ್ಸಿನಿಂದ ಇಳದು ಮಲಕಾಜಪ್ಪನ ಮನಿ ಯಾವುದು ಅಂದ್ರು. ತೋರಿಸಿದೆ! ಹೆಣ್ಣ ನೋಡಾಕ ಬಂದಾರಂತ ನನಗೇನ ಕನಸ ಬಿದ್ದಿತ್ತ? ಬಲಕ್ಕ, ಬಲಕ್ಕ ತಿರುವು!"

"ತಿರುವೀನಿ! ಮತ್ತ ಅಪ್ಪ ದೋಣಿ ಕೊಡ್ತೀನಿ ಅಂದಾಗ ಯಾಕ ಬಾಯಿ ಮುಚಗೊಂಡ ನಿಂತಿ?"

"ಮತ್ತೇನ ಅನ್ನಲಿ ಸಾವಂತ್ರೀ!" ಅವನು ಹುರಿ ಸುತ್ತಿದ ಕೈಯಲ್ಲೇ ಅವಳತ್ತ ತಿರುಗಿದ. "ದೋಣಿ ಬ್ಯಾಡ, ದೋಣಿ ನಡಸೂ ಹುಡುಗಿ ಬೇಕು ಅಂತ ಬೀಗರ ಮುಂದ ಹೆಂಗ ಹೇಳಲಿ?!"

ಸಾವಂತ್ರಿಯ ಕೈ ನಿಂತುಬಿಟ್ಟಿತು.

"ನಿಲ್ಲಸಬ್ಯಾಡ! ಮೀನ ಹೋಗ್ತದ!"

"ಹೋದ್ರ ಹೋಗಲಿ! ಇನ್ನೊಮ್ಮಿ ಹೇಳು!"

"ನೀ ಬೇಕು! ನೀ! ಈಗರೆ ಹುಟ್ಟ ಹಾಕ ಮಾರಾಯ್ತಿ!"

ಅವಳು ಹಾಕಿದಳು. ನಗುತ್ತ, ಅಳುತ್ತ, ಮೂಗು ಒರೆಸಿಕೊಳ್ಳುತ್ತ. ಕಡೆಗೂ ಆಳೆತ್ತರದ ಬಾಳೆಮೀನು ದೋಣಿಯ ಅಂಚಿಗೆ ಬಂತು. ಇಬ್ಬರೂ ಸೇರಿ ಅದನ್ನು ಒಳಗೆಳೆದರು.

ದಂಡೆಗೆ ಬಂದಾಗ ಎಲ್ಲರೂ ಸಾಲಾಗಿ ನಿಂತಿದ್ದರು. ತೊಯ್ದು ತೊಪ್ಪೆಯಾದ ಸೀರೆಯಲ್ಲೇ ಸಾವಂತ್ರಿ ಅಪ್ಪನೆದುರು ನಿಂತಳು. ಈಗ ಹೇಳದಿದ್ದರೆ ಎಂದೂ ಹೇಳಲಾರಳು.

"ಯಪ್ಪಾ... ಬಂದ ಬೀಗರಿಗೆ ಅವಮಾನ ಮಾಡೂದಿಲ್ಲ. ಅವರ ಕಾಲ ಮುಟ್ಟಿ ಬೇಡಕೋತೀನಿ. ಆದ್ರ ನಾ ಟಿಕೋಟಾಕ್ಕ ಹೋಗೂದಿಲ್ಲ. ನನ್ನ ಮನಸಿನ್ಯಾಗ..."

"ಗೊತ್ತಾತ ತಂಗಿ, ಗೊತ್ತಾತ!" ಯಲಗೂರಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ನೀರಿನ ಮ್ಯಾಲ ಆಡಿದ ಮಾತ ಭಾಳ ದೂರ ಕೇಳಸ್ತಾವ. ನೀವಿಬ್ಬರೂ ಒದರಿದ್ದು ಇಡೀ ಊರಿಗೆ ಕೇಳಿಸೇತಿ!"

ಸಾವಂತ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಮೋಘಿ ಮೀನಿನ ಹಿಂದೆ ಮುಖ ಮುಚ್ಚಿಕೊಂಡ. ರಹಿಮಾಬಿ ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

"ಮಲಕಾಜಪ್ಪ," ಎಂದ ಯಲಗೂರಪ್ಪ, "ನಮ್ಮೂರಾಗ ಈ ಹುಡುಗಿ ಹುಟ್ಟ ಹಾಕಾಕ ಕೆರೀ ಎಲ್ಲಿಂದ ತರಲಿ? ಹೆಣ್ಣ ನೋಡಾಕ ಬಂದಿದ್ವಿ, ನಿಶ್ಚಯ ಮುಗಿಸಿಕೊಂಡ ಹೊಂಟೀವಿ. ಆದ್ರ ಊಟ ಮಾಡದ ಹೋಗೂದಿಲ್ಲ. ಈ ಮೀನಿನ ಸಾರ ಬೇಕ!"

ಮಲಕಾಜಪ್ಪ ಮಗಳ ಹತ್ತಿರ ಬಂದ. ನೆಟ್ಟಗಿದ್ದ ಎಡಗೈಯನ್ನು ಅವಳ ತಲೆಯ ಮೇಲಿಟ್ಟ.

"ಮೊದಲ ನಿನ್ನ ಕೇಳಬೇಕಿತ್ತವ್ವ ನಾ. ದೋಣಿಗೆ ಯಾರಂತ ಯೋಚಿಸಿದೆ... ನಿನಗ ಯಾರಂತ ಯೋಚಿಸಲಿಲ್ಲ."

ಅವಳು ಅಪ್ಪನ ಎದೆಗೆ ತಲೆಯಿಟ್ಟಳು. ತೊಯ್ದ ಸೀರೆಯಿಂದ ಅವನ ಅಂಗಿಯೂ ತೊಯ್ದಿತು. ಅವನು ಸರಿಯಲಿಲ್ಲ.

ಊಟವಾಯಿತು. ಬೀಗರು ಹೊರಟರು. ಕಾಖಂಡಕಿಗೆ ಹೇಳಿಕಳಿಸಿದ್ದಾಯಿತು. ಬಿಸಿಲು ಇಳಿಯುವ ಹೊತ್ತಿಗೆ ದೋಣಿಯ ಅಂಚಿನ ಮೇಲೆ ಇಬ್ಬರೇ ಕುಳಿತಿದ್ದರು, ಕಾಲು ನೀರಿಗೆ ಬಿಟ್ಟುಕೊಂಡು.

"ಖರೇನ ಈಜು ಬರಂಗಿಲ್ಲ?"

"ಖರೇನ."

"ಮತ್ತ ಇಷ್ಟ ದಿನ ನನ್ನ ಕೂಡ ನಡುನೀರಿಗೆ ಬಂದಿಯಲ್ಲ! ಅಂಜಿಕಿ ಬರಲಿಲ್ಲ?"

"ಕಾರವಾರದಾಗ ದಿನಾ ಅಂಜತಿದ್ದೆ. ನಿನ್ನ ಎದುರಿಗೆ ಕುಂತಾಗ... ಈಜು ಬರೂದಿಲ್ಲ ಅನ್ನೂದ ಮರತ ಹೋಗಿತ್ತು."

ಸಾವಂತ್ರಿ ಅವನ ಅಂಗೈಯಲ್ಲಿ ಹುರಿ ಕೊಯ್ದ ಕೆಂಪು ಗೆರೆಯ ಮೇಲೆ ತನ್ನ ಬೆರಳಿಟ್ಟಳು. ಅವನು ಅವಳ ಕೈ ಹಿಡಿದ, ಈ ಸಲ ಬಿಡಲಿಲ್ಲ.

"ನಾಳಿಯಿಂದ ಕಲಸ್ತೀನಿ," ಎಂದಳು ಮೆಲ್ಲಗೆ.

"ಏನ?"

"ಈಜು."

"ಮದವಿ ಆದ ಮ್ಯಾಲ ಕಲತರ ನಡಿಯೂದಿಲ್ಲೇನ?"

"ಇಲ್ಲ! ಮೊದಲ ಈಜು, ಆಮ್ಯಾಲ ತಾಳಿ."

"ಯಾಕಷ್ಟ ಅವಸರ?"

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ನನಗ ಭಾಳ ವರ್ಷ ಬಾಳೂ ಗಂಡ ಬೇಕು. ಅದಕ್ಕ."