ಒಂದೇ ಸಲಕ್ಕೆ ಹೂಂ ಅಂದವಳು

ಅವನು ಮತ್ತೆ ಬಂದ ದಿನ ಅವಳು ಐಸ್ ಸ್ಕೇಟಿಂಗ್ ರಿಂಕ್‌ನ ಅಂಚಿನ ಬೆಂಚಿನ ಮೇಲೆ ಕೂತು ಸ್ಕೇಟ್‌ನ ಬ್ಲೇಡ್ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. ಎತ್ತಿ ನೋಡುವ ಅಗತ್ಯವೇ ಇರಲಿಲ್ಲ, ಹೆಜ್ಜೆಯ ಸದ್ದೇ ಸಾಕಿತ್ತು. ಎಡಗಾಲು ಸ್ವಲ್ಪ ಭಾರ, ಬಲಗಾಲು ಸ್ವಲ್ಪ ಅವಸರ. ಆ ಕಾಲುಗಳ ಪಕ್ಕದಲ್ಲೇ ಒಂಬತ್ತು ವರ್ಷ ಮಂಜುಗಡ್ಡೆಯ ಮೇಲೆ ಜಾರಿದವಳು ಅವಳು.

"ಹೇಗಿದ್ದೀಯ?"

"ಬದುಕಿದ್ದೀನಿ," ಅಂದಳು. "ನಿನಗೆ ಅದರಿಂದ ತೊಂದರೆ ಆಗಿದ್ರೆ ಕ್ಷಮಿಸು."

ರಿಂಕ್‌ನಲ್ಲಿ ಎಲ್ಲರೂ ಅವನನ್ನು ಕಂಬ ಅನ್ನುತ್ತಿದ್ದರು. ಎತ್ತರದ ಆಳು. ಅವಳನ್ನು ಒಂದೇ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದರೂ ಅಲುಗಾಡದವನು. ಅವಳಿಗೆ ಕಿಡಿ ಅಂತ ಹೆಸರು. ಯಾಕೆ ಅಂತ ಕೇಳಿದವರಿಗೆ ಐದು ನಿಮಿಷದಲ್ಲಿ ತಾನಾಗಿಯೇ ಗೊತ್ತಾಗುತ್ತಿತ್ತು. ಜೋಡಿ ಸ್ಕೇಟಿಂಗ್‌ನಲ್ಲಿ ಇಬ್ಬರೂ ಹೆಸರು ಮಾಡಿದವರು. ಮಂಜಿನಾಚೆಗೂ ಜೋಡಿಯೇ. ಆ ಸೀಸನ್ ಮುಗಿದ ಮೇಲೆ ಮದುವೆ ಅಂತ ಅವಳ ಅಕ್ಕನ ಎದುರು ಕೂತು ಅವನೇ ಮಾತು ಕೊಟ್ಟಿದ್ದ.

ಆಮೇಲೆ ಒಂದು ದಿನ ಅಭ್ಯಾಸದಲ್ಲಿ ಅವನು ಅವಳನ್ನು ಗಾಳಿಗೆ ಎಸೆದ ಜಿಗಿತದಲ್ಲಿ ಅವಳು ಅಡ್ಡಾದಿಡ್ಡಿ ಇಳಿದಳು. ಮಂಡಿ ಹೋಯಿತು. ಏಳು ವಾರ ಹಾಸಿಗೆ. ಮೊದಲು ಅವನು ದಿನಾ ಬರುತ್ತಿದ್ದ. ಆಮೇಲೆ ದಿನ ಬಿಟ್ಟು ದಿನ. ಆಮೇಲೆ ಬರೀ ಫೋನು. ಆಮೇಲೆ ಅದೂ ಇಲ್ಲ. ಎಂಟನೇ ವಾರ ಅವಳು ಕೋಲೂರಿಕೊಂಡು ರಿಂಕ್‌ಗೆ ಹೋದರೆ, ಅವನ ತಲೆಯ ಮೇಲೆ, ಅವಳು ಕೈ ಚಾಚುತ್ತಿದ್ದ ಹಾಗೆಯೇ ಕೈ ಚಾಚಿಕೊಂಡು ಬೇರೊಬ್ಬ ಹುಡುಗಿ ಇದ್ದಳು. ಹಿನ್ನೆಲೆಯಲ್ಲಿ ಕೇಳುತ್ತಿದ್ದ ಸಂಗೀತ ಕೂಡ ಕಿಡಿ, ಕಂಬ ಇಬ್ಬರೂ ಆಡುತ್ತಿದ್ದದ್ದೇ.

ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗ ಮೆಸೇಜ್ ಬಂತು. 'ಬೇರೆ ದಾರಿ ಇರಲಿಲ್ಲ. ಕ್ಷಮಿಸು.'

ಒಂಬತ್ತು ವರ್ಷಕ್ಕೆ ನಾಲ್ಕು ಪದ.

ಅದಾಗಿ ಎರಡು ವರ್ಷ. ಮಂಡಿ ವಾಸಿಯಾಗಿ ಅವಳು ಮತ್ತೆ ಮಂಜಿಗೆ ಇಳಿದಿದ್ದಳು. ಆ ಹುಡುಗಿ ಇವನಿಗಿಂತ ಒಳ್ಳೆಯ ಜೊತೆಗಾರ ಸಿಕ್ಕ ತಕ್ಷಣ ಅವನ ಕೈ ಹಿಡಿದು ಹೊರಟುಹೋಗಿದ್ದಳು. ಈಗ ಇವನು ಬೆಂಚಿನ ಮುಂದೆ, ಟೋಪಿ ಕೈಯಲ್ಲಿ ಹಿಂಡಿಕೊಂಡು ನಿಂತಿದ್ದ.

"ಇದು ನನ್ನ ಕೊನೇ ಸೀಸನ್. ಬೆನ್ನು ಇನ್ನು ಮೇಲೆ ಕೇಳಲ್ಲ. ದೊಡ್ಡ ಸ್ಪರ್ಧೆಗೆ ನಾಲ್ಕು ತಿಂಗಳಿದೆ. ಇನ್ನೊಂದೇ ಒಂದು ಸಲ ನನ್ನ ಜೊತೆ..."

"ಹೂಂ."

ಅವನು ಬಾಯಿ ತೆರೆದವನು ಹಾಗೇ ನಿಂತ. "ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ. ನಾಳೆ ಬೆಳಿಗ್ಗೆ ಆರಕ್ಕೆ ಬಾ. ತಡ ಮಾಡಿದ್ರೆ ಬಾಗಿಲು ಹಾಕ್ಕೋತೀನಿ."

ಅವಳು ಅವನನ್ನು ಮೊದಲ ಸಲ ಕಣ್ಣೆತ್ತಿ ನೋಡಿದಳು. ನಗುತ್ತಲೇ ನೋಡಿದಳು. ಆ ನಗು ಅಷ್ಟು ಸಿಹಿಯಾಗಿರಬಾರದಿತ್ತು.

*

ಅಕ್ಕನಿಗೆ ಟೈಲರಿಂಗ್ ಅಂಗಡಿ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ತಂಗಿಯನ್ನು ಬೆಳೆಸಿದ್ದು ಆ ಹೊಲಿಗೆ ಯಂತ್ರವೇ. ಸುದ್ದಿ ಕೇಳಿ ಅಕ್ಕ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನೆಲ್ಲ ಒಂದೊಂದಾಗಿ ತೆಗೆದಿಟ್ಟಳು.

"ನಿನಗೆ ತಲೆ ಕೆಟ್ಟಿದೆಯೇನೇ?"

"ಪೂರ್ತಿ ಕೇಳು. ಸ್ಪರ್ಧೆ ದಿನ ಉಡುಪು ಹಾಕ್ಕೊಂಡು ರೆಡಿಯಾಗಿ ನಿಂತಿರ್ತಾನಲ್ಲ, ಆಗ ಬಿಟ್ಟು ಹೋಗ್ತೀನಿ. ಅದೇ ನಾಲ್ಕು ಪದ ಹೇಳಿ. ಒಂಟಿ ಸ್ಪರ್ಧೆಗೂ ಹೆಸರು ಕೊಡ್ತೀನಿ. ನಾನೊಬ್ಬಳೇ ಆಡ್ಬೇಕು, ಅವನು ಹೊರಗೆ ಕೂತು ನೋಡ್ಬೇಕು."

ಅಕ್ಕ ಬಟ್ಟೆಯ ಅಂಚು ಸವರಿದಳು. ಏಳು ವಾರ ಆ ಮಂಡಿಗೆ ಬಿಸಿನೀರಿನ ಕಾವು ಕೊಟ್ಟವಳು ಅವಳು.

"ಉಡುಪಿಗೆ ಯಾವ ಬಣ್ಣ ಹೇಳು," ಅಂದಳು. "ಹೊಟ್ಟೆ ಉರಿಯೋ ಬಣ್ಣವೇ ಹಾಕೋಣ."

ಅಂದಿನಿಂದ ಬೆಳಿಗ್ಗೆ ಜೋಡಿ ಅಭ್ಯಾಸ, ಮಧ್ಯಾಹ್ನ ಒಬ್ಬಳೇ. ಮಧ್ಯಾಹ್ನದ್ದೇ ಕಷ್ಟ. ಕಲಿಸುವವರು ವಯಸ್ಸಾದ ಹೆಂಗಸು. ಎಲ್ಲರೂ ಕೋಚಮ್ಮ ಅನ್ನುತ್ತಿದ್ದರು. ಕಿಡಿಯ ಜಿಗಿತಗಳಲ್ಲಿ ಅವರಿಗೆ ತಪ್ಪು ಕಾಣಲಿಲ್ಲ. ಸ್ಪಿನ್ ನೋಡಿದ ಕೂಡಲೇ ಮುಖ ಸಿಂಡರಿಸಿದರು.

ಒಂದು ಕಾಲ ಮೇಲೆ ನಿಂತು ಗಿರಗಿರನೆ ತಿರುಗುವಾಗ ಬ್ಲೇಡ್‌ನ ಗೀರುಗಳು ಒಂದರ ಮೇಲೊಂದು ಬೀಳಬೇಕು. ಇವಳ ಗೀರುಗಳು ಎಳೆದು ಬಿಟ್ಟ ಸ್ಪ್ರಿಂಗ್‌ನ ಹಾಗೆ ಮಾರುದ್ದ ಹರಡಿರುತ್ತಿದ್ದವು.

"ಬಾ ಇಲ್ಲಿ, ನೋಡು," ಅಂದರು ಕೋಚಮ್ಮ, ಕೋಲಿನಿಂದ ಮಂಜಿನ ಮೇಲೆ ತೋರಿಸುತ್ತಾ. "ನೀನು ತಿರುಗ್ತಾ ಇಲ್ಲ. ಯಾರನ್ನೋ ಹುಡುಕ್ತಾ ಇದ್ದೀಯ. ಪ್ರತಿ ಸುತ್ತಿಗೂ ಕಣ್ಣು ಒಂದೇ ಕಡೆ ಹೋಗತ್ತೆ, ಮೈ ಅದರ ಹಿಂದೆ ಜಾರತ್ತೆ."

"ಯಾರನ್ನೂ ಹುಡುಕ್ತಿಲ್ಲ."

"ಹಾಗಾದ್ರೆ ಇನ್ನೂ ನೂರು ಸಲ ಮಾಡು."

ಮಾಡಿದಳು. ಕಾಲು ಮರಗಟ್ಟುವವರೆಗೆ ಮಾಡಿದಳು. ಪ್ರತಿ ಸುತ್ತಿಗೂ ಕಣ್ಣ ಮುಂದೆ ಅವನ ಮುಖ ಬರುತ್ತಿತ್ತು. ಹೊರಗೆ ಕೂತು, ಉಡುಪು ಹಾಕಿಕೊಂಡು, ಸೋತು ನೋಡುವ ಮುಖ. ಅದನ್ನು ನೆನೆದರೆ ಮೈಗೆ ಬಲ ಬರುತ್ತಿತ್ತು. ಸ್ಪಿನ್ ಮಾತ್ರ ಜರುಗುತ್ತಲೇ ಇತ್ತು.

*

ಬೆಳಗಿನ ಅಭ್ಯಾಸಕ್ಕೆ ಅವನು ಒಂದು ದಿನವೂ ತಡ ಮಾಡಲಿಲ್ಲ. ಅದೇ ಅವಳಿಗೆ ಸಿಟ್ಟು. ತಡ ಮಾಡಿದ್ದರೆ ಬೈಯಬಹುದಿತ್ತು.

ಮೊದಲ ವಾರ ಇಬ್ಬರ ನಡುವೆ ಲೆಕ್ಕದ ಮಾತು. ಹಿಡಿ. ಬಿಡು. ಮತ್ತೆ. ಎರಡನೇ ವಾರ ಅವನು ಅವಳನ್ನು ಮೇಲೆತ್ತುವ ಲಿಫ್ಟ್‌ಗೆ ಮುಂಚೆ ತುಟಿಯಲ್ಲೇ ಒಂದು, ಎರಡು, ಮೂರು ಅಂತ ಎಣಿಸುವುದು ಅವಳ ಕಿವಿಗೆ ಬಿತ್ತು.

"ಇನ್ನೂ ಎಣಿಸ್ತೀಯಾ? ಒಂದನೇ ಕ್ಲಾಸಿನವರ ಹಾಗೆ?"

"ಮೂರು ಅನ್ನೋ ಮುಂಚೆನೇ ನೀನು ಹಾರ್ತೀಯ. ಎಣಿಸದೆ ಇದ್ರೆ ನನ್ನ ಗತಿ ಏನು?"

ಅವಳಿಗೆ ನಗು ಬಂತು. ಬಂದದ್ದನ್ನು ಕೆಮ್ಮಿಗೆ ತಿರುಗಿಸಿದಳು. ಅವನು ಕಾಣದವನ ಹಾಗೆ ಲೇಸು ಬಿಗಿದುಕೊಂಡ. ಆದರೆ ಅವನ ಕಿವಿಗಳ ತುದಿ ಕೆಂಪಾಗಿತ್ತು.

ಎರಡನೇ ತಿಂಗಳಲ್ಲಿ ಒಂದು ಲಿಫ್ಟ್ ಕೈ ತಪ್ಪಿತು. ಅವಳು ಮೇಲಿಂದ ಬೀಳುವುದಕ್ಕೂ ಅವನು ಬೆನ್ನಿನ ಮೇಲೆ ಮಂಜಿಗೆ ಬೀಳುವುದಕ್ಕೂ ಸರಿಹೋಯಿತು. ಅವಳು ಬಿದ್ದದ್ದು ಅವನ ಎದೆಯ ಮೇಲೆ. ಅವಳಿಗೆ ಒಂದು ಗೀರೂ ಆಗಲಿಲ್ಲ. ಅವನ ಭುಜ ನೀಲಿಗಟ್ಟಿತು.

ಬೆಂಚಿನ ಮೇಲೆ ಕೂರಿಸಿ ಅವಳೇ ಐಸ್ ಕಟ್ಟಿದಳು.

"ನೋವಾ?"

"ಇಲ್ಲ."

ಅವಳು ಒತ್ತಿ ಹಿಡಿದಳು. "ಈಗ?"

"ಈಗ ಹೌದು."

"ಒಳ್ಳೇದಾಯ್ತು."

ಅವನು ನಕ್ಕ. ನಗು ನಿಂತ ಮೇಲೆ, ನೆಲ ನೋಡುತ್ತಾ ಹೇಳಿದ. "ಆವತ್ತು ಎಸೆದದ್ದೇ ತಪ್ಪಾಗಿತ್ತು. ನನ್ನ ಕೈ ತಪ್ಪು, ನಿನ್ನ ಕಾಲು ತಪ್ಪಲ್ಲ. ಎಲ್ಲರೂ ನೀನು ಸರಿಯಾಗಿ ಇಳೀಲಿಲ್ಲ ಅಂದ್ರು, ನಾನು ಸುಮ್ಮನಿದ್ದೆ. ಡಾಕ್ಟರು ನೀನು ಮತ್ತೆ ಆಡೋದು ಅನುಮಾನ ಅಂದ್ರು. ನಿನ್ನ ಮುಖ ನೋಡೋ ಧೈರ್ಯ ಬರಲಿಲ್ಲ. ಸೀಸನ್ ಕಳ್ಕೊಳ್ಳೋ ಧೈರ್ಯವೂ ಬರಲಿಲ್ಲ. ಹೆದರಿ ಓಡಿಹೋದೆ. ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ."

ಎರಡು ವರ್ಷ ಅವಳು ಅವನ ಬಾಯಲ್ಲಿ ಎಷ್ಟೋ ನೆಪಗಳನ್ನು ಕಲ್ಪಿಸಿಕೊಂಡಿದ್ದಳು, ಒಂದೊಂದಕ್ಕೂ ಉತ್ತರ ಸಿದ್ಧ ಮಾಡಿಟ್ಟಿದ್ದಳು. ಇದು ಆ ನೆಪಗಳಲ್ಲಿ ಒಂದಾಗಿರಲಿಲ್ಲ.

"ಏಳು," ಅಂದಳು. "ಮೊದಲಿಂದ."

ಮಾರನೇ ದಿನ ಅವಳು ಕನ್ನಡಿಯ ಮುಂದೆ ನಿಂತಿದ್ದಾಗ ಅಕ್ಕ ಹಿಂದಿನಿಂದ ಇಣುಕಿದಳು. "ಸೇಡು ತೀರಿಸ್ಕೊಳ್ಳೋಕೆ ಹೋಗೋರು ಹೊಸ ಓಲೆ ಹಾಕ್ಕೊಂಡು ಹೋಗ್ತಾರಾ?"

"ಹಳೇದು ಕಿವಿಗೆ ಚುಚ್ಚತ್ತೆ."

"ಹೌದೌದು. ನನಗೂ ಏನೋ ಚುಚ್ಚತ್ತೆ," ಅಂದ ಅಕ್ಕ ಕೈಯಲ್ಲಿದ್ದ ಬಟ್ಟೆ ಒದರಿ ಒಳಗೆ ಹೋದಳು. ಧ್ವನಿಯಲ್ಲಿ ತಮಾಷೆ ಅರ್ಧವೇ ಇತ್ತು.

ಕಿಡಿ ಓಲೆ ಬಿಚ್ಚಿಟ್ಟಳು. ಬಾಗಿಲವರೆಗೆ ಹೋಗಿ, ವಾಪಸ್ ಬಂದು ಮತ್ತೆ ಹಾಕಿಕೊಂಡಳು. ತನ್ನ ಮೇಲೆ ತನಗೇ ಕೆಂಡದಂಥ ಕೋಪ. ಇವನಿಗಾಗಿ ಮತ್ತೊಮ್ಮೆ ಕರಗಿದರೆ ಆ ಬಸ್ಸಿನಲ್ಲಿ ಕೂತು ಅತ್ತವಳಿಗೆ ಯಾರು ದಿಕ್ಕು? ಇಲ್ಲ, ಬಿಡುವುದಿಲ್ಲ ಅಂದುಕೊಂಡಳು. ಪ್ರೀತಿ ಬಂದರೆ ಬರಲಿ. ಸೇಡು ಮೊದಲು.

*

ಸ್ಪರ್ಧೆಯ ದಿನ ಮಧ್ಯಾಹ್ನ, ಡ್ರೆಸ್ಸಿಂಗ್ ರೂಮುಗಳ ನಡುವಿನ ಓಣಿಯಲ್ಲಿ ಅವನು ಜೋಡಿಯ ನೀಲಿ ಉಡುಪು ಹಾಕಿಕೊಂಡು ನಿಂತಿದ್ದ. ಜೋಡಿಗಳ ಸರದಿಗೆ ಇನ್ನೊಂದು ಗಂಟೆ ಇತ್ತು. ಅವಳು ಬಂದಳು. ಅವಳ ಉಡುಪು ನೀಲಿಯಲ್ಲ, ಉರಿಗೆಂಪು.

"ಬೇರೆ ದಾರಿ ಇರಲಿಲ್ಲ," ಅಂದಳು. "ಕ್ಷಮಿಸು. ಜೋಡಿಯಿಂದ ನನ್ನ ಹೆಸರು ವಾಪಸ್ ತಗೊಂಡಿದ್ದೀನಿ. ನಾನು ಒಬ್ಬಳೇ ಆಡ್ತೀನಿ."

ಅವನು ಗೋಡೆಗೆ ಒರಗಿದ. ಮುಖ ಬಿಳುಚಿತು. ಆದರೆ ಅವಳು ಕಾದಿದ್ದ ಆಶ್ಚರ್ಯ ಅಲ್ಲಿ ಇರಲಿಲ್ಲ.

"ಗೊತ್ತಿತ್ತು," ಅಂದ.

"ಏನು ಗೊತ್ತಿತ್ತು?"

"ಹೀಗೇ ಮಾಡ್ತೀಯ ಅಂತ. ಮೊದಲನೇ ದಿನವೇ. ಕೇಳಿದ ತಕ್ಷಣ ಹೂಂ ಅಂದೆಯಲ್ಲ. ನಿನ್ನ ಜನ್ಮದಲ್ಲಿ ನೀನು ಯಾವುದಕ್ಕೂ ಒಂದೇ ಸಲಕ್ಕೆ ಹೂಂ ಅಂದವಳಲ್ಲ. ಐಸ್‌ಕ್ರೀಮ್ ಬೇಕಾ ಅಂದ್ರೂ ಕಾಲು ಗಂಟೆ ಜಗಳ ಆಡ್ತಿದ್ದೆ."

"ಗೊತ್ತಿದ್ದೂ ನಾಲ್ಕು ತಿಂಗಳು ಬಂದೆಯಾ?"

"ಬಂದೆ. ನಿನಗೆ ಈ ಸೇಡು ಸಲ್ಲಬೇಕಿತ್ತು. ಆಮೇಲೆ..." ಅವನು ಮುಖ ತಿರುಗಿಸಿದ. "ನಾಲ್ಕು ತಿಂಗಳು ದಿನಾ ಬೆಳಿಗ್ಗೆ ನಿನ್ನ ಮುಖ ನೋಡೋಕೆ ಸಿಗ್ತಿತ್ತಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಅಂದ್ರೆ ನನ್ನ ಸೇಡನ್ನೂ ನೀನೇ ಕಿತ್ಕೊಂಡೆ! ಅದನ್ನಾದ್ರೂ ನನಗೆ ಬಿಡಬಾರದಿತ್ತಾ?"

ಉತ್ತರಕ್ಕೆ ಕಾಯದೆ ನಡೆದುಬಿಟ್ಟಳು. ಹಿಂದೆ ತಿರುಗಿ ನೋಡಬಾರದು ಅಂತ ಎಂಟು ಸಲ ಅಂದುಕೊಂಡು, ಒಂಬತ್ತನೇ ಸಲ ನೋಡಿದಳು. ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದ.

ಅವಳ ಸರದಿ ಬಂದಾಗ ಅವನು ಹೋಗಿರಲಿಲ್ಲ. ಮುಂದಿನ ಸಾಲಿನಲ್ಲಿ, ಅದೇ ನೀಲಿ ಉಡುಪಿನಲ್ಲಿ ಕೂತಿದ್ದ. ಅವಳು ಕೇಳಿದ್ದು ಇದನ್ನೇ ಅಲ್ಲವೇ? ಸಂಗೀತ ಶುರುವಾಯಿತು. ಅವನು ಇರಬೇಕಿದ್ದ ಜಾಗಗಳನ್ನೆಲ್ಲ ಅವಳು ಬೇಕೆಂದೇ ಖಾಲಿ ಇಟ್ಟಿದ್ದಳು. ಯಾರೂ ಇಲ್ಲದ ಕಡೆ ಕೈ ಚಾಚಿದಳು. ಹಿಡಿಯುವವರಿಲ್ಲದೆ ಹಿಂದಕ್ಕೆ ಬಾಗಿದಳು. ಒಂದೊಂದು ಬಾಗುವಿಕೆಯೂ ಅವನಿಗೆ ಗುರಿಯಿಟ್ಟ ಏಟು. ಸಿಟ್ಟಿನ ರಭಸಕ್ಕೆ ಒಂದು ಜಿಗಿತ ಹದ ತಪ್ಪಿತು. ಮಂಜಿಗೆ ಕೈಯೂರಿ ಎದ್ದಳು.

ಏಳುವಾಗ ಅವನ ಮುಖ ಕಂಡಿತು. ಅವನು ಕುರ್ಚಿಯಿಂದ ಅರ್ಧ ಎದ್ದಿದ್ದ. ಬಿದ್ದವಳನ್ನು ಹಿಡಿಯಲು ಹೊರಟವನ ಹಾಗೆ. ಅವನ ತುಟಿ ಅಲುಗುತ್ತಿತ್ತು. ಅವಳ ಜೊತೆ ಎಣಿಸುತ್ತಿದ್ದ.

ಅವಳೊಳಗೆ ಏನೋ ಸುಸ್ತಾಗಿ ಕೂತುಬಿಟ್ಟಿತು. ಎರಡು ವರ್ಷ ಹೊತ್ತು ಹೊತ್ತು ಹೆಗಲು ಸೋತಂತೆ. ಕೊನೆಯ ಸ್ಪಿನ್‌ಗೆ ಬಂದಾಗ ಉಸಿರೇ ಇರಲಿಲ್ಲ, ಸಿಟ್ಟಿಗೆ ಎಲ್ಲಿಂದ ತರುವುದು? ಒಂದು ಕಾಲ ಮೇಲೆ ಕುಳಿತು ತಿರುಗಿದಳು. ತಿರುಗುತ್ತಲೇ ನಿಧಾನಕ್ಕೆ ಎದ್ದಳು. ಕೈಗಳನ್ನು ಎದೆಗೆ ತಂದುಕೊಂಡಳು. ವೇಗ ಏರಿತು. ದೀಪಗಳೆಲ್ಲ ಕರಗಿ ಒಂದೇ ಬಿಳಿ ಗೆರೆಯಾದವು. ಆ ಗೆರೆಯಲ್ಲಿ ಅವನಿರಲಿಲ್ಲ, ಜಡ್ಜ್‌ಗಳಿರಲಿಲ್ಲ, ಬಸ್ಸಿನಲ್ಲಿ ಅತ್ತವಳೂ ಇರಲಿಲ್ಲ. ತನ್ನ ಮೈ ಎಷ್ಟು ಹಗುರ ಅಂತ ಅವಳಿಗೆ ಮೊದಲ ಸಲ ಗೊತ್ತಾಯಿತು.

ಅವಳು ನಿಂತಳು. ಆಮೇಲೆ ಚಪ್ಪಾಳೆ. ಕೋಚಮ್ಮ ಅವಳ ಮುಖ ನೋಡಲಿಲ್ಲ. ರಿಂಕ್‌ನ ಅಂಚಿನ ಕಟಕಟೆಗೆ ಬಾಗಿ ಮಂಜಿನ ಮೇಲಿನ ಗೀರು ನೋಡುತ್ತಿದ್ದರು. ಅಂಗೈಯಗಲದ ಒಂದೇ ವೃತ್ತ.

"ಯಾರೂ ಸಿಗಲಿಲ್ಲ ಅಲ್ವಾ?" ಅಂದರು ಅವಳು ಹತ್ತಿರ ಬಂದಾಗ.

"ಹುಡುಕೋದೇ ಮರೆತುಹೋಯ್ತು, ಕೋಚಮ್ಮ."

ಬಂದದ್ದು ನಾಲ್ಕನೇ ಸ್ಥಾನ. ಪದಕವಿಲ್ಲ.

ಅವನು ಮೆಟ್ಟಿಲ ಬಳಿ ಕಾಯುತ್ತಿದ್ದ. "ಮೊದಲರ್ಧ ನನಗೆ ಹೊಡೆದದ್ದು. ಬಿತ್ತು," ಅಂದ. "ಕೊನೇ ಸ್ಪಿನ್ ನನಗಲ್ಲ ಅಂತ ಗೊತ್ತಾಯ್ತು. ಅಷ್ಟು ಚೆಂದ ನೀನು ಯಾವತ್ತೂ ತಿರುಗಿಲ್ಲ. ನನ್ನ ಜೊತೆಯಲ್ಲಂತೂ ಇಲ್ಲ." ಹೇಳಿ ಬ್ಯಾಗು ಹೆಗಲಿಗೇರಿಸಿ ಹೊರಟ.

"ಎಲ್ಲಿಗೆ ಹೊರಟೆ? ಮತ್ತೆ ಓಡೋಕಾ?"

ಅವನು ನಿಂತ.

"ನನ್ನ ಹತ್ರ ತಪ್ಪೊಪ್ಪಿಕೊಂಡ್ರೆ ಸಾಲದು. ಮಾತು ಕೊಟ್ಟದ್ದು ಅಕ್ಕನಿಗೆ. ಬಂದು ಅವಳ ಮುಖ ನೋಡಿ ಹೇಳು. ಧೈರ್ಯ ಇದ್ರೆ."

*

ಅಕ್ಕ ಸ್ಪರ್ಧೆ ಮುಗಿದ ಕೂಡಲೇ ಹೋಗಿ ಅಂಗಡಿ ತೆರೆದಿದ್ದಳು. ಹಿಂದೆಲ್ಲ ಇವನು ಬಂದರೆ 'ಬಾರೋ' ಅನ್ನುತ್ತಿದ್ದವಳು ಇವತ್ತು ಯಂತ್ರ ನಿಲ್ಲಿಸದೆ, "ಬನ್ನಿ," ಅಂದಳು. "ಏನಾಗಬೇಕಿತ್ತು ತಮಗೆ?"

ಆ ಬಹುವಚನಕ್ಕೆ ಅವನು ಹೊಸ್ತಿಲಲ್ಲೇ ಕುಗ್ಗಿದ. ಕೂರು ಅಂತ ಯಾರೂ ಅನ್ನಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದ. ತಪ್ಪು ಎಸೆತ, ಸುಮ್ಮನಿದ್ದದ್ದು, ಓಡಿದ್ದು. ಒಂದನ್ನೂ ಮೆತ್ತಗೆ ಮಾಡಲಿಲ್ಲ. ನಡುವೆ ಯಂತ್ರದ ಸದ್ದು ನಿಂತಿತು. ಅಕ್ಕ ಕಣ್ಣು ಕೆಂಪು ಮಾಡಿಕೊಂಡು ಕೇಳಿದಳು, ಆಮೇಲೆ ಬೈದಳು. ಎರಡು ವರ್ಷದಿಂದ ಕಟ್ಟಿಟ್ಟ ಬೈಗುಳ, ಸುಲಭಕ್ಕೆ ಮುಗಿಯಲಿಲ್ಲ. ಅವನು ತಲೆ ತಗ್ಗಿಸಿ ನಿಂತೇ ಇದ್ದ. ಕಿಡಿ ಒಂದು ಮಾತೂ ಅಡ್ಡ ಹಾಕಲಿಲ್ಲ.

ಕೊನೆಗೆ ಅಕ್ಕನಿಗೇ ಗಂಟಲೊಣಗಿತು. ಸ್ಟೂಲಿನ ಮೇಲಿದ್ದ ಬಟ್ಟೆಯ ಗಂಟನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು.

"ಕೂತ್ಕೋ," ಅಂದಳು. "ನೀರು ಕುಡೀತೀಯೇನೋ?"

ಅವನು ಕೂತ. ಕಿಡಿ ಎದುರಿನ ಸ್ಟೂಲು ಎಳೆದುಕೊಂಡು, ಸೊಂಟದ ಮೇಲೆ ಕೈಯಿಟ್ಟು ಕೂತಳು.

ಅಕ್ಕ ತಂಗಿಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಇವಳ ಸಿಟ್ಟು ಇನ್ನೂ ಇಳಿದಿಲ್ಲ. ಇಷ್ಟರಲ್ಲಿ ಇಳಿಯೋದೂ ಇಲ್ಲ. ನನಗೆ ಗೊತ್ತು ಇವಳು."

"ಇರಲಿ ಅಕ್ಕ," ಅಂದ ಅವನು. "ಎಷ್ಟು ದಿನ ಇರತ್ತೋ ಇರಲಿ. ನಾನೂ ಇರ್ತೀನಿ."

ಅಕ್ಕ ನೀರು ತರಲು ಒಳಗೆ ಹೋದಳು. ಹೋಗಿ ಬೇಕೆಂದೇ ತಡ ಮಾಡಿದಳು.

ಕಿಡಿ ಕಾಲು ಚಾಚಿ ಅವನ ಪಾದ ತುಳಿದಳು. ಮೆತ್ತಗಲ್ಲ, ಜೋರಾಗಿಯೇ ತುಳಿದಳು. ಅವನು ಸದ್ದಿಲ್ಲದೆ ತುಟಿ ಕಚ್ಚಿದ.

ಆದರೆ ಅವಳು ಕಾಲು ತೆಗೆಯಲಿಲ್ಲ.