ಕಾಣೆಯಾದ ‘ಕ್ಕೆ’

ಬೆಳಗಿನ ಹತ್ತು ಗಂಟೆ. ಲಸಿಕೆ ಕೋಣೆಯ ಇಪ್ಪತ್ತು ಕುರ್ಚಿಗಳೂ ಖಾಲಿ. ಒಂದು ಮಗುವಿನ ಅಳುವೂ ಇಲ್ಲ.

ನರ್ಸಮ್ಮ ತನ್ನ ಫೋನನ್ನು ಮೇಜಿನ ಮೇಲೆ ತಳ್ಳಿದಳು. ನಿನ್ನೆ ಸಂಜೆ ಬೀದಿಯವರ ವಾಟ್ಸ್ಆ್ಯಪ್ ಗುಂಪಿಗೆ, ಯಾರದೆಂದು ತಿಳಿಯದ ಹೊಸ ನಂಬರಿನಿಂದ ಬಂದ ಸಾಲು:

‘ಅವಧಿ ಮುಗಿದ ಲಸಿಕೆ ಚುಚ್ಚಿ ಮಕ್ಕಳ ಪ್ರಾಣ ತೆಗೆಯುವುದೇ ಈ ದಾದಿಯ ಆಟ ಪೂರ್ಣವಿರಾಮ’

“ನನ್ನ ಆಟ ಮುಗಿಸ್ತೀವಿ ಅಂತ ಬೆದರಿಕೆ ಬೇರೆ! ಒಂದೊಂದು ಸೀಸೆಯ ತಾರೀಖೂ ತೋರಿಸಿದೆ. ಯಾರು ನೋಡ್ತಾರೆ?”

ಅಪರಾಧಿಯನ್ನು ಬೀದಿ ಆಗಲೇ ಹಿಡಿದಾಗಿತ್ತು — ಎಲೆಕ್ಟ್ರಿಷಿಯನ್ನನ ಮಗಳು. ಸದಾ ಫೋನು ಹಿಡಿದವಳು. ಹೋದ ವಾರವಷ್ಟೇ ನರ್ಸಮ್ಮನೊಡನೆ ಜಗಳವಾಡಿದವಳು. ಅವಳನ್ನು ಲಸಿಕೆ ಕೋಣೆಗೇ ಎಳೆತಂದಿದ್ದ ಅಪ್ಪನ ಒಂದು ಕೈಯಲ್ಲಿ ಅವಳ ಫೋನು, ಇನ್ನೊಂದರಲ್ಲಿ ಸುತ್ತಿಗೆ.

“ಇನ್ನು ಎಂಟೇ ದಿನಕ್ಕೆ ಪರೀಕ್ಷೆ ಅಪ್ಪಾ! ನನ್ನ ಪಾಠ ಎಲ್ಲಾ ಅದರಲ್ಲೇ ಇದೆ!”

“ಕಲ್ತಿದ್ದು ಸಾಕು.”

ಗುಂಪಿನ ಹಿರಿಯರು, ನಿವೃತ್ತ ಮೇಷ್ಟ್ರು, ಊರುಗೋಲು ಕುಟ್ಟಿದರು. “ಇಂಟರ್ನೆಟ್ಟು ಈ ಹುಡುಗರ ತಲೆ ಕೆಡಿಸಿದೆ. ಬಡ್ಕೊಂಡೆ ನಾನು, ಯಾರು ಕೇಳಿದ್ರಿ?”

ಹುಡುಗಿಯ ಚಿಕ್ಕಮ್ಮ ಮಾತ್ರ ನರ್ಸಮ್ಮನ ಫೋನು ಎತ್ತಿಕೊಂಡಳು. ಅಚ್ಚುಕೂಟದಲ್ಲಿ ಇಪ್ಪತ್ತು ವರ್ಷ ಕರಡು ತಿದ್ದಿದ ಅವಳ ಕಣ್ಣು ಆ ಸಾಲಿನ ಕೊನೆಯಲ್ಲೇ ಎಡವುತ್ತಿತ್ತು. ಬೀದಿಗೆ ಬೀದಿಯೇ ಒಂದು ಹುಡುಗಿಯತ್ತ ಬೆರಳು ತೋರಿಸುತ್ತಿದೆ. ಆ ಸುಳ್ಳನ್ನು ಓದಿ ನೋಡದೆ ಮುಂದಕ್ಕೆ ದಾಟಿಸಿದ್ದೂ ಇವೇ ಬೆರಳುಗಳಲ್ಲವೇ? ಸಿಟ್ಟು ನುಂಗಿ ಮತ್ತೊಮ್ಮೆ ಓದಿದಳು.

“ಇವಳ ಜೊತೆ ಜಗಳ ಯಾಕಾಯ್ತು ನರ್ಸಮ್ಮ?”

“ದಾರಿಗಡ್ಡ ನಿಂತು ಫೋನಲ್ಲಿ ಪಾಠ ಕೇಳ್ತಿದ್ಲು. ಬೈದೆ, ಅಷ್ಟೆ.”

“ಇನ್ಯಾರನ್ನ ಬೈದ್ರಿ?”

ನರ್ಸಮ್ಮ ತಡವರಿಸಿದಳು. “ಮೇಷ್ಟ್ರು... ಮೊಮ್ಮಗನ್ನ ಎತ್ಕೊಂಡು ನೇರ ಒಳಗೆ ನುಗ್ಗಿದ್ರು. ಸಾಲಲ್ಲಿ ನಿಲ್ಲಿ ಅಂದೆ.”

“ಅದನ್ನೆಲ್ಲ ಮನಸ್ಸಿಗೆ ಹಚ್ಕೊಳ್ಳೋನಲ್ಲಮ್ಮ ನಾನು,” ಮೇಷ್ಟ್ರು ನಕ್ಕರು. “ಫೋನಿನ ಅಕ್ಷರವೇ ನನಗೆ ಕಾಣಲ್ಲ. ಟೈಪ್ ಎಲ್ಲಿಂದ ಮಾಡ್ಲಿ?”

“ಸರಿ. ಭಾವ, ಫೋನು ಅವಳಿಗೆ ಕೊಡಿ. ಮೇಷ್ಟ್ರೇ, ಹಿರಿಯರು ನೀವು — ಲಸಿಕೆ ಸರಿಯಾಗಿದೆ ಅಂತ ಗುಂಪಿಗೆ ಎರಡು ಮಾತು ಹೇಳಿ. ಅವಳು ಬರ್ಕೊಳ್ತಾಳೆ.”

ಮೂವತ್ತು ವರ್ಷ ಉಕ್ತಲೇಖನ ಹೇಳಿದ ಗಂಟಲು ಸರಿಯಾಯಿತು. “ಲಸಿಕೆಯ ಅವಧಿ ಮುಗಿದಿಲ್ಲ ಪೂರ್ಣವಿರಾಮ ಮಕ್ಕಳನ್ನು —”

ಮಾತು ಅಲ್ಲೇ ನಿಂತಿತು.

“ಅದು ಬೆದರಿಕೆಯೇ ಅಲ್ಲ,” ಎಂದಳು ಚಿಕ್ಕಮ್ಮ. “ಬೆದರಿಕೆಯಾಗಿದ್ರೆ ‘ಆಟಕ್ಕೆ ಪೂರ್ಣವಿರಾಮ’ ಅಂತಿರ್ತಿತ್ತು. ‘ಕ್ಕೆ’ ಎಲ್ಲಿ? ಇದನ್ನ ಯಾರೂ ಟೈಪ್ ಮಾಡಿಲ್ಲ. ಬಾಯಲ್ಲಿ ಹೇಳಿದ್ದಾರೆ, ಫೋನು ಕೇಳಿದ್ದನ್ನ ಕೇಳಿದ ಹಾಗೇ ಬರೆದಿದೆ. ವಾಕ್ಯ ಮುಗಿದಾಗೆಲ್ಲ ಪೂರ್ಣವಿರಾಮ ಅಂತ ಬಾಯಿಬಿಟ್ಟು ಹೇಳೋರು ಈ ಬೀದೀಲಿ ಎಷ್ಟು ಜನ? — ಮಾತಾಡಿ ಬರೆಸೋದನ್ನ ಇವರಿಗೆ ಕಲಿಸಿದ್ಯಾರು?”

“ನಾನೇ,” ಹುಡುಗಿಯ ದನಿ ಒಡೆಯಿತು. “ಅಜ್ಜನಿಗೆ ಕಣ್ಣು ಮಂಜು ಅಂತ...”

ಅಪ್ಪ ಸುತ್ತಿಗೆಯನ್ನು ಸದ್ದಾಗದಂತೆ ಕೆಳಗಿಟ್ಟ.

“ಎಲ್ಲರೆದುರು ಸಾಲಲ್ಲಿ ನಿಲ್ಲಿಸಿದ್ಲು,” ಮೇಷ್ಟ್ರು ನೆಲ ನೋಡುತ್ತ ಅಂದರು. “ಹೊಸ ಸಿಮ್ ತಗೊಂಡು ಗುಂಪಿಗೆ ಹಾಕ್ಬಿಟ್ಟೆ. ಕುರ್ಚಿಗಳೇ ಖಾಲಿಯಾಗ್ತವೆ ಅಂತ ಅಂದ್ಕೊಂಡಿರ್ಲಿಲ್ಲ...”

ಹುಡುಗಿ ಕಣ್ಣೊರೆಸಿಕೊಂಡು ಫೋನನ್ನು ಅವರ ಬಾಯ ಬಳಿ ಹಿಡಿದಳು.

“ಮೊದಲಿಂದ ಹೇಳಿ ಅಜ್ಜ. ಈ ಸಲ ನಿಮ್ಮ ಹೆಸರು ಸೇರಿಸಿ. ಚುಕ್ಕೆ ನಾನು ಇಡ್ತೀನಿ.”